ಬಾಗಿಲ ಸಂದಿಯಲ್ಲಿ ಒಂದು ಪುಟ್ಟ ಕೈ

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಆರು ಬಾಗಿಲುಗಳಿವೆ. ಬೆಕ್ಕುಗಳು ಬರುವ ಮೊದಲು ಮನೆಯೊಳಗೆ ಇಷ್ಟು ಬಾಗಿಲುಗಳಿವೆ ಅನ್ನುವುದನ್ನು ನಾವು ಯಾರೂ ಗಮನಿಸಿರಲೇ ಇಲ್ಲ. ಹಗಲೆಲ್ಲ ಎಲ್ಲವೂ ತೆರೆದೇ ಇರುತ್ತಿದ್ದವು. ಯಾವ ಹಿಡಿಕೆ ಸಡಿಲ, ಯಾವ ಚಿಲಕ ಸರಿಯಾಗಿ ಕೂರುವುದಿಲ್ಲ, ಯಾವ ಬಾಗಿಲ ಕೆಳಗೆ ಎರಡು ಬೆರಳು ಸಂದಿ ಇದೆ, ಇದೆಲ್ಲ ಗೊತ್ತಾದದ್ದು ಕಾಡಿಗೆ ಮತ್ತು ಬೂದ ಬಂದ ಮೇಲೆ.

ಕಾಡಿಗೆ ಹೆಣ್ಣು, ಪೂರ್ತಿ ಕಪ್ಪು. ಬೂದ ಗಂಡು, ಬೂದಿ ಬಣ್ಣ. ಹೆಸರಿಡುವಾಗ ನಾವು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ ಅಂತ ನಿಮಗೆ ಗೊತ್ತಾಗಿರಬೇಕು.

ಮೊದಲ ಒಂದು ವರ್ಷ ಇಡೀ ಮನೆ ಅವರದೇ. ಬೆಕ್ಕು ಅಂದ ಮೇಲೆ ಓಡಾಡುತ್ತೆ, ಸುಮ್ನೆ ಯಾಕೆ ಕಟ್ಟುಪಾಡು ಅನ್ನುವುದು ನನ್ನ ವಾದವಾಗಿತ್ತು. ಅದರ ಮುಖದ ಮೇಲೆ ಬಾಗಿಲು ಹಾಕುವುದು ಕಟುಕತನ ಅಂತಲೂ ಅನ್ನಿಸುತ್ತಿತ್ತು. ಈಗ ಆರರಲ್ಲಿ ಎರಡು ಬಾಗಿಲು ಅವರಿಗೆ ಮುಚ್ಚಿವೆ. ಮೂರನೆಯದೊಂದನ್ನು ಮುಚ್ಚಿ, ಸೋತು, ಮತ್ತೆ ತೆರೆದೆವು.

ಮೊದಲು ಮುಚ್ಚಿದ್ದು ಅಮ್ಮನ ಹೊಲಿಗೆ ರೂಮು. ರೂಮು ಅನ್ನುವುದು ದೊಡ್ಡ ಮಾತು. ಒಂದು ಮಷಿನ್, ಒಂದು ಕುರ್ಚಿ, ಬಟ್ಟೆಯ ಗಂಟುಗಳು, ದಾರದ ಉಂಡೆಗಳ ಡಬ್ಬಿ. ಬೆಕ್ಕಿನ ಕಣ್ಣಿಗೆ ಮಾತ್ರ ಅದು ಜಾತ್ರೆ. ಅಲ್ಲಿ ಉರುಳುವುದಿದೆ, ಜೋತಾಡುವುದಿದೆ, ಅಡಗಿ ಕೂರಲು ಮೆತ್ತನೆ ಜಾಗವಿದೆ.

ಒಂದು ಸಂಜೆ ಕಾಡಿಗೆ ಊಟ ಬಿಟ್ಟಳು. ರಾತ್ರಿ ಎರಡು ಸಲ ವಾಂತಿ ಮಾಡಿದಳು. ಬೆಳಿಗ್ಗೆ ಬಾಯಿ ತೆರೆಸಿ ನೋಡಿದರೆ ನಾಲಿಗೆಯ ಬುಡದಲ್ಲಿ ಬಿಳಿ ದಾರದ ಎಳೆ. ನಾನು ಎಳೆಯಲು ಬೆರಳು ಹಾಕಿದ್ದೆ. ಅಷ್ಟರಲ್ಲಿ ಮಗಳು ಪಶುವೈದ್ಯರಿಗೆ ಫೋನ್ ಮಾಡಿದ್ದಳು. ಆ ಕಡೆಯಿಂದ ಬಂದ ಮೊದಲ ಮಾತೇ, “ಎಳೀಬೇಡಿ.”

ಯಾಕೆ ಎಳೆಯಬಾರದು ಅಂತ ಆಮೇಲೆ ಅವರೇ ವಿವರಿಸಿದರು. ಬೆಕ್ಕಿನ ನಾಲಿಗೆ ನೆಕ್ಕಿದರೆ ಅರದ ಹಾಗೆ ಇರುತ್ತದಲ್ಲ, ಅದು ಸಣ್ಣ ಸಣ್ಣ ಮುಳ್ಳುಗಳಿಂದ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ವಸ್ತುವಿನ ಮುಳ್ಳುಗಳು. ಎಲ್ಲವೂ ಗಂಟಲ ಕಡೆಗೇ ಬಾಗಿರುತ್ತವೆ. ಮೈ ಬಾಚಿಕೊಳ್ಳಲು, ಮೂಳೆಯಿಂದ ಮಾಂಸ ಕೆರೆಯಲು ಅದು ಒಳ್ಳೆಯ ಸಾಧನ. ಆದರೆ ದಾರದಂಥದ್ದು ಒಮ್ಮೆ ಅಂಟಿಕೊಂಡರೆ ಉಗುಳುವುದು ಕಷ್ಟ. ನಾಲಿಗೆ ಆಡಿಸಿದಷ್ಟೂ ಅದು ಒಳಕ್ಕೇ ಹೋಗುತ್ತದೆ. ಬೆಕ್ಕಿಗೆ ನುಂಗದೆ ಬೇರೆ ದಾರಿ ಇರುವುದಿಲ್ಲ.

ನುಂಗಿದ ಮೇಲೆ ನಿಜವಾದ ತೊಂದರೆ ಶುರು. ದಾರದ ಒಂದು ತುದಿ ನಾಲಿಗೆಯ ಕೆಳಗೋ ಜಠರದಲ್ಲೋ ಸಿಕ್ಕಿಕೊಂಡು, ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದಕ್ಕೆ ತಳ್ಳಲು ನೋಡುತ್ತದೆ. ದಾರ ಬರುವುದಿಲ್ಲ. ಆಗ ಕರುಳೇ ದಾರದ ಮೇಲೆ ನೆರಿಗೆ ನೆರಿಗೆಯಾಗಿ ಏರಿಕೊಳ್ಳುತ್ತದೆ, ಲಂಗಕ್ಕೆ ಲಾಡಿ ಎಳೆದ ಹಾಗೆ. ಬಿಗಿಯಾದ ದಾರ ಗರಗಸದಂತೆ ಕರುಳನ್ನು ಕೊಯ್ಯಲೂಬಹುದು. ಹೊರಗಿನಿಂದ ನಾವು ಎಳೆದರೆ ಆ ಕೊಯ್ತವನ್ನು ನಾವೇ ಮಾಡಿದ ಹಾಗೆ. ಬಾಯಿಂದ ಇಣುಕುವ ದಾರಕ್ಕೂ ಅದೇ ಮಾತು, ಹಿಂದಿನಿಂದ ಜೋತು ಬೀಳುವ ದಾರಕ್ಕೂ ಅದೇ ಮಾತು. ಬೆಕ್ಕು ಸಾಕಿರುವವರು ಈ ಬರಹದಲ್ಲಿ ಬೇರೇನನ್ನು ಮರೆತರೂ ಪರವಾಗಿಲ್ಲ, ಇದೊಂದನ್ನು ನೆನಪಿಟ್ಟುಕೊಳ್ಳಿ.

ಕಾಡಿಗೆಗೆ ಆಪರೇಷನ್ ಆಯಿತು. ಹೊಟ್ಟೆಯ ಕೂದಲು ಬೋಳಿಸಿ, ಗಾಯ ನೆಕ್ಕದಿರಲಿ ಅಂತ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಮನೆಗೆ ಕಳಿಸಿದರು. ಅಲ್ಲಿಯವರೆಗೆ ಅಮ್ಮನಿಗೆ ಬೆಕ್ಕುಗಳ ಮೇಲೆ ಅಂಥ ಒಲವೇನೂ ಇರಲಿಲ್ಲ. “ಹೋಗತ್ತ” ಅನ್ನುವುದೇ ಅವಳ ಮಾತು. ಆ ಹತ್ತು ದಿನ ಕಾಡಿಗೆಯ ಪಕ್ಕದಲ್ಲೇ ನೆಲದ ಮೇಲೆ ಮಲಗಿದಳು. ಒಂದು ತಿಂಗಳು ಮಷಿನ್ ಮುಟ್ಟಲಿಲ್ಲ. ಮತ್ತೆ ಹೊಲಿಯಲು ಕೂತ ದಿನ ಮೊದಲು ಮಾಡಿದ ಕೆಲಸ ಬಾಗಿಲು ಹಾಕಿ ಚಿಲಕ ಜಡಿದದ್ದು.

ಆ ಬಾಗಿಲು ಮೊದಲ ದಿನದಿಂದಲೇ ಗಟ್ಟಿಯಾಗಿ ನಿಂತಿತು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮನೆಗೆ ಬಂದ ನೆಂಟರ ಮಕ್ಕಳು ಸಹ ಅಮ್ಮನ ಮುಖ ನೋಡಿ ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಿದ್ದರು. ಒಂದೇ ಒಂದು ಎಡವಟ್ಟು ಆಯಿತು. ಒಂದು ರಾತ್ರಿ ಬೂದ ಒಳಗೇ ಉಳಿದುಬಿಟ್ಟ. ಬಟ್ಟೆ ಗಂಟಿನ ಹಿಂದೆ ನಿದ್ದೆ ಮಾಡುತ್ತಿದ್ದನೇನೋ, ಅಮ್ಮ ಹೊರಗಿನಿಂದ ಬಾಗಿಲು ಹಾಕಿದಳು. ರಾತ್ರಿಯಿಡೀ ನೀರಿಲ್ಲ, ಮಲಮೂತ್ರಕ್ಕೆ ಇಡುವ ಲಿಟರ್ ಬಾಕ್ಸ್ ಇಲ್ಲ. ಬೆಳಿಗ್ಗೆ ಹೊಸ ಬಟ್ಟೆಯ ಮೇಲೆ ಅವನ ಅಭಿಪ್ರಾಯ ಬರೆದಿಟ್ಟಿದ್ದ. ಅವನ ತಪ್ಪೇನಿದೆ? ಅವತ್ತಿನಿಂದ ಯಾವ ಬಾಗಿಲು ಹಾಕುವ ಮೊದಲೂ ನಾವು ಬೆಕ್ಕುಗಳನ್ನು ಎಣಿಸುತ್ತೇವೆ. ಇರುವುದು ಎರಡೇ, ಆದರೂ ಎಣಿಸಬೇಕು. ಬಟ್ಟೆ ಒಗೆಯುವ ಮಷಿನ್ನಿನ ಬಾಗಿಲಿಗೂ ಇದೇ ಲೆಕ್ಕ. ಒಳಗೆ ಬೆಚ್ಚಗೆ ಕತ್ತಲಾಗಿರುತ್ತದೆ, ಬೆಕ್ಕಿಗೆ ಅದಕ್ಕಿಂತ ಇನ್ನೇನು ಬೇಕು.

ಎರಡನೆಯದು ಮಲಗುವ ರೂಮು. ಇಲ್ಲಿ ನಮ್ಮ ಮಾನ ಹೋಯಿತು.

ನಮ್ಮ ಮನೆಯವರಿಗೆ ರಾತ್ರಿ ಹೊತ್ತು ಮೂಗು ಕಟ್ಟುತ್ತಿತ್ತು, ಆಮೇಲೆ ಎದೆಯಲ್ಲಿ ಸೀಟಿ ಹೊಡೆದಂಥ ಸದ್ದು. ಪರೀಕ್ಷೆ ಮಾಡಿಸಿದಾಗ ಬೆಕ್ಕಿನ ಅಲರ್ಜಿ ಅಂತ ಗೊತ್ತಾಯಿತು. ಜನ ಕೂದಲಿಂದ ಅಲರ್ಜಿ ಅಂದುಕೊಳ್ಳುತ್ತಾರೆ, ನಾವೂ ಹಾಗೇ ಅಂದುಕೊಂಡಿದ್ದೆವು. ನಿಜವಾದ ಕಾರಣ ಫೆಲ್ ಡಿ 1 ಅನ್ನುವ ಒಂದು ಪ್ರೋಟೀನು. ಅದು ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆಯ ಗ್ರಂಥಿಗಳಲ್ಲಿ ಹುಟ್ಟುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಪುಡಿಯಾಗಿ ಗಾಳಿಗೆ ಸೇರುತ್ತದೆ. ಆ ಕಣಗಳು ಎಷ್ಟು ಸಣ್ಣವೆಂದರೆ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಹಾಸಿಗೆ, ದಿಂಬು, ಪರದೆ, ಸೋಫಾ ಎಲ್ಲಕ್ಕೂ ಅಂಟಿಕೊಳ್ಳುತ್ತವೆ. ಬೆಕ್ಕನ್ನೇ ಮನೆಯಿಂದ ಕಳಿಸಿದರೂ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ.

ಡಾಕ್ಟರು ಎರಡು ದಾರಿ ಹೇಳಿದರು. ಬೆಕ್ಕುಗಳನ್ನು ಬೇರೆ ಮನೆಗೆ ಕೊಡುವುದು. ಆಗದಿದ್ದರೆ ಮಲಗುವ ರೂಮಿನಿಂದಾದರೂ ದೂರ ಇಡುವುದು. ದಿನದ ಏಳೆಂಟು ಗಂಟೆ ಒಂದೇ ದಿಂಬಿನ ಮೇಲೆ ಮೂಗಿಟ್ಟು ಮಲಗುತ್ತೇವಲ್ಲ, ಅಲ್ಲಿ ಕಡಿಮೆಯಾದರೆ ಅಷ್ಟರಮಟ್ಟಿಗೆ ಲಾಭ. ಬಾಗಿಲು ಹಾಕಿದ ಮಾತ್ರಕ್ಕೆ ಪೂರ್ತಿ ತಪ್ಪುವುದಿಲ್ಲ ಅಂತಲೂ ಹೇಳಿದರು. ಕಣಗಳು ನಮ್ಮ ಬಟ್ಟೆಯ ಜೊತೆಗೇ ಒಳಗೆ ಬರುತ್ತವೆ. ಹಾಗಾಗಿ ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು, ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರ ಇಡಬೇಕು, ಬೆಕ್ಕಿನ ಜೊತೆ ಕೂತ ಬಟ್ಟೆಯಲ್ಲೇ ಹೋಗಿ ಮಲಗಬಾರದು. ಕೊಟ್ಟುಬಿಡುವ ಮಾತನ್ನು ಮನೆಯವರೇ ತಳ್ಳಿಹಾಕಿದರು. ಸೀನುತ್ತಲೇ ತಳ್ಳಿಹಾಕಿದರು.

ಬಾಗಿಲು ಹಾಕಿದ ಮೊದಲ ರಾತ್ರಿ ಬೆಳಗಿನ ನಾಲ್ಕೂವರೆಗೆ ಶುರುವಾಯಿತು. ಬೆಕ್ಕು ನಡುರಾತ್ರಿಯ ಪ್ರಾಣಿ ಅಂತ ನಾವು ತಿಳಿದಿರುತ್ತೇವೆ. ಅದರ ಚುರುಕು ಹೊತ್ತು ನಿಜವಾಗಿ ನಸುಕು ಮತ್ತು ಮುಸ್ಸಂಜೆ. ನಮಗೆ ಗಾಢ ನಿದ್ದೆ ಇರುವ ಹೊತ್ತಿಗೆ ಅದಕ್ಕೆ ಬೇಟೆಯ ಹುಕಿ. ಮೊದಲು ಕೆರೆತ. ಆಮೇಲೆ ಮಿಯಾಂವ್. ಆಮೇಲೆ ಬೂದನ ದೊಡ್ಡ ಉಪಾಯ, ದೂರದಿಂದ ಓಡಿ ಬಂದು ಇಡೀ ಮೈಯಿಂದ ಬಾಗಿಲಿಗೆ ಗುದ್ದುವುದು.

ನಾನು ಮೂರು ರಾತ್ರಿ ತಡೆದುಕೊಂಡೆ. ನಾಲ್ಕನೆಯ ರಾತ್ರಿ ಎದ್ದು ಬಾಗಿಲು ತೆರೆದೆ.

ಇದು ಎಂಥ ತಪ್ಪು ಅಂತ ಆಮೇಲೆ ಓದಿ ತಿಳಿದೆ. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವವರು, ಆಗಿನ್ನೂ ವಿದ್ಯಾರ್ಥಿ, ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಹಸಿದ ಬೆಕ್ಕನ್ನು ಪಟ್ಟಿಗಳಿಂದ ಮಾಡಿದ ಪೆಟ್ಟಿಗೆಯಲ್ಲಿ ಕೂಡಿಹಾಕಿ, ತಿಂಡಿಯನ್ನು ಹೊರಗೆ ಇಡುವುದು. ಒಳಗಿನ ಒಂದು ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತದೆ. ಬೆಕ್ಕು ಮೊದಲ ಸಲ ಕೆರೆಯುತ್ತದೆ, ಕಚ್ಚುತ್ತದೆ, ಎಲ್ಲೆಂದರಲ್ಲಿ ಕೈ ತೂರಿಸುತ್ತದೆ. ಹೇಗೋ ಕುಣಿಕೆಗೆ ಕೈ ತಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಮತ್ತೆ ಮತ್ತೆ ಕೂಡಿಹಾಕಿದ ಹಾಗೆಲ್ಲ ಬೇಡದ ಕೆರೆತ ಕಡಿಮೆಯಾಗಿ, ಕೊನೆಗೆ ಒಳಗೆ ಬಿಟ್ಟ ಕೂಡಲೇ ನೇರ ಹೋಗಿ ಕುಣಿಕೆ ಎಳೆಯುತ್ತದೆ. ಫಲ ಕೊಟ್ಟದ್ದು ಉಳಿಯುತ್ತದೆ, ಕೊಡದ್ದು ಬಿಟ್ಟುಹೋಗುತ್ತದೆ. ಕಲಿಕೆಯ ಬಗ್ಗೆ ಇವತ್ತಿಗೂ ಹೇಳುವ ಒಂದು ದೊಡ್ಡ ನಿಯಮ ಹುಟ್ಟಿದ್ದು ಬಾಗಿಲು ತೆರೆಯಲು ಹೊರಟ ಬೆಕ್ಕುಗಳಿಂದ. ಅವತ್ತು ಕುಣಿಕೆ ಇದ್ದ ಜಾಗದಲ್ಲಿ ನಮ್ಮ ಮನೆಯಲ್ಲಿ ನಾನಿದ್ದೆ. ಕೆರೆದರೆ ನಾನು ತೆರೆದುಕೊಳ್ಳುತ್ತೇನೆ.

ಇನ್ನೂ ಕೆಟ್ಟದ್ದೆಂದರೆ, ಆಗೊಮ್ಮೆ ಈಗೊಮ್ಮೆ ತೆರೆಯುವುದು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಿಂದ ತೋರಿಸಿದ ವಿಷಯ ಇದು. ಪ್ರತಿ ಸಲ ಕಾಳು ಸಿಗುತ್ತಿದ್ದು ಒಂದು ದಿನ ನಿಂತುಹೋದರೆ ಪ್ರಾಣಿ ಬೇಗ ಕೈಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುವ ಹಾಗಿದ್ದರೆ ತುಂಬಾ ಹೊತ್ತು ಬಿಡುವುದೇ ಇಲ್ಲ. ಇವತ್ತಲ್ಲದಿದ್ದರೆ ನಾಳೆ ಸಿಕ್ಕೀತು ಅನ್ನುವುದು ಅದರ ಲೆಕ್ಕ. ಜೂಜಿನ ಕಟ್ಟೆ ಬಿಟ್ಟು ಏಳದವರ ಲೆಕ್ಕವೂ ಅದೇ ಅಲ್ವಾ? ಮೂರು ರಾತ್ರಿ ತಡೆದು ನಾಲ್ಕನೆಯ ರಾತ್ರಿ ತೆರೆದ ನಾನು ಬೆಕ್ಕುಗಳಿಗೆ ಕಲಿಸಿದ್ದು ನಾಲ್ಕು ರಾತ್ರಿ ಕೆರೆಯಬೇಕು ಅನ್ನುವ ಪಾಠ.

ಪೂರ್ತಿ ನಿಲ್ಲಿಸಿದಾಗ ಇನ್ನೊಂದು ಆಗುತ್ತದೆ. ಕೆರೆತ ಕಡಿಮೆಯಾಗುವ ಮೊದಲು ಜೋರಾಗುತ್ತದೆ. ಇಷ್ಟು ದಿನ ನಡೆಯುತ್ತಿದ್ದ ಉಪಾಯ ಯಾಕೆ ನಡೆಯುತ್ತಿಲ್ಲ ಅಂತ ಬೆಕ್ಕು ಇದ್ದಬದ್ದ ಶಕ್ತಿಯೆಲ್ಲ ಹಾಕಿ ನೋಡುತ್ತದೆ. ಬಹಳ ಮನೆಗಳಲ್ಲಿ ಬಾಗಿಲು ಸೋಲುವುದು ಇದೇ ಹೊತ್ತಿಗೆ. ಎಲ್ಲಿ ಏನೋ ಆಯ್ತೋ ಅಂತ ಕರಗಿ ಎದ್ದು ಹೋಗುತ್ತೇವೆ.

ನಾನು ಗಟ್ಟಿಯಾದೆ. ಆದರೂ ವಾರಗಟ್ಟಲೆ ಏನೂ ಬದಲಾಗಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡೆ. ಒಂದು ಮಧ್ಯಾಹ್ನ ನೋಡಿದರೆ ಮಗಳು ಬಾಗಿಲು ತೆರೆದು, ಕಾಡಿಗೆಯನ್ನು ನಮ್ಮ ಹಾಸಿಗೆಯ ಮೇಲೆ ಕೂರಿಸಿಕೊಂಡು ಓದುತ್ತಾ ಇದ್ದಾಳೆ. “ಅಪ್ಪ ಈಗ ಮಲಗಿಲ್ಲವಲ್ಲಮ್ಮಾ” ಅಂದಳು. ತಪ್ಪು ಅವಳದಲ್ಲ. ದಾರವನ್ನು ಅವಳು ಕಣ್ಣಾರೆ ಕಂಡಿದ್ದಳು. ದಿಂಬಿನ ಮೇಲಿನ ಕಣಗಳನ್ನು ಯಾರು ಕಂಡಿದ್ದಾರೆ? ಹೊಲಿಗೆ ರೂಮಿನ ಬಾಗಿಲು ನಿಂತಿದ್ದು ಚಿಲಕದಿಂದಲ್ಲ ಅಂತ ಆಗ ನನಗೆ ಹೊಳೆಯಿತು. ಅದು ಯಾಕೆ ಮುಚ್ಚಿದೆ ಅನ್ನುವುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಈ ಬಾಗಿಲ ಕಾರಣ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಆ ರಾತ್ರಿ ಅವಳನ್ನು ಅಪ್ಪನ ಪಕ್ಕ ಕೂರಿಸಿ, ಬೆನ್ನಿಗೆ ಕಿವಿ ಇಟ್ಟು ಕೇಳು ಅಂದೆ. ಕೇಳಿದಳು. ಏನೂ ಮಾತಾಡಲಿಲ್ಲ. ಮತ್ತೆ ಆ ಬಾಗಿಲು ತೆರೆದಿದ್ದನ್ನು ನಾನು ಕಂಡಿಲ್ಲ.

ಬರೀ ತಡೆದುಕೊಂಡು ಕೂತರೆ ಸಾಲದು ಅನ್ನುವುದೂ ನಿಜ. ಬೆಕ್ಕಿಗೆ ಮನೆ ಅಂದರೆ ರೂಮುಗಳಲ್ಲ, ತಿರುಗಾಡುವ ದಾರಿ. ದಿನವೂ ಆ ದಾರಿಯಲ್ಲಿ ಸುತ್ತು ಹಾಕಬೇಕು. ಕುರ್ಚಿಯ ಕಾಲಿಗೆ, ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಬೇಕು. ನಾವು ಅದರ ದಾರಿಯ ನಡುವೆ ಗೋಡೆ ಎಬ್ಬಿಸಿದರೆ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡದೆ ಇನ್ನೇನು ಮಾಡೀತು? ಕಿತ್ತುಕೊಂಡ ಜಾಗಕ್ಕೆ ಬದಲಿ ಜಾಗ ಕೊಡಬೇಕು. ನಡುಮನೆಯ ಕಿಟಕಿಯ ಪಕ್ಕ ಎತ್ತರದಲ್ಲಿ ಒಂದು ಹಲಗೆ ಹೊಡೆಸಿದೆವು. ನಮ್ಮಿಬ್ಬರ ವಾಸನೆ ಇದ್ದ ಹಳೆಯ ಹೊದಿಕೆಯನ್ನು ಅದರ ಮೇಲೆ ಹಾಸಿದೆವು. ಮಲಗುವ ಮೊದಲು ಹತ್ತು ನಿಮಿಷ ಗರಿ ಕಟ್ಟಿದ ಕೋಲಿನಿಂದ ಅವರನ್ನು ಸುಸ್ತಾಗುವ ತನಕ ಆಡಿಸಿ, ಕೊನೆಗೆ ಊಟ ಹಾಕುವುದು ಶುರು ಮಾಡಿದೆವು. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ. ಬೆಕ್ಕಿನ ದಿನ ಆ ಸರಣಿಯಲ್ಲೇ ನಡೆಯುತ್ತದೆ. ಬೆಳಗಿನ ಊಟವನ್ನು ಹೊತ್ತಿಗೆ ಸರಿಯಾಗಿ ತಾನೇ ತೆರೆಯುವ ಡಬ್ಬಿಗೆ ವಹಿಸಿದೆವು. ಈಗ ನಾಲ್ಕೂವರೆಗೆ ಅವರು ಕಾಯುವುದು ಡಬ್ಬಿಯ ಮುಂದೆ. ಅದನ್ನು ಎಷ್ಟು ಕರೆದರೂ ಅದು ಕರಗುವುದಿಲ್ಲ.

ನೀರು ಚಿಮುಕಿಸಿ, ಗದರಿಸಿ ಓಡಿಸಿ ಅನ್ನುವ ಸಲಹೆ ಬೇಕಾದಷ್ಟು ಸಿಕ್ಕಿತು. ನನಗೆ ಒಪ್ಪಿಗೆಯಾಗಲಿಲ್ಲ. ಬೆಕ್ಕು ಅದರಿಂದ ಕಲಿಯುವುದು ಈ ಮನುಷ್ಯ ಇದ್ದಾಗ ಬಾಗಿಲ ಹತ್ತಿರ ಹೋಗಬಾರದು ಅಂತ ಮಾತ್ರ. ಮನುಷ್ಯ ಇಲ್ಲದಾಗ ಹೋಗುತ್ತದೆ, ಮನುಷ್ಯನನ್ನು ಕಂಡರೆ ಹೆದರುತ್ತದೆ. ಇನ್ನು ವಾಸನೆಯ ಎಣ್ಣೆ ಹಚ್ಚುವ ಸಲಹೆಯಂತೂ ಅಪಾಯ. ನಿಂಬೆ, ಕಿತ್ತಳೆ ಜಾತಿಯ ವಾಸನೆ ಬೆಕ್ಕಿಗೆ ಆಗದು ನಿಜ. ಆದರೆ ಅವುಗಳ ಗಟ್ಟಿ ಎಣ್ಣೆ, ಟೀ ಟ್ರೀ ಎಣ್ಣೆ ಇವೆಲ್ಲ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಸುಲಭವಾಗಿ ಕಳೆಯುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತು ಕಳೆಯಲಾರದು. ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಅದರ ಪ್ರಾಣ ತೆಗೆಯುವುದೂ ಇದೇ ಕಾರಣಕ್ಕೆ. ಬಾಗಿಲಿಗೆ ಹಚ್ಚಿದ್ದು ಪಾದಕ್ಕೆ ಅಂಟುತ್ತದೆ, ಪಾದವನ್ನು ಅದು ನೆಕ್ಕುತ್ತದೆ. ಕೆರೆತದಿಂದ ಬಾಗಿಲು ಹಾಳಾಗುತ್ತೆ ಅನ್ನುವುದಾದರೆ ಕೆಳಗಿನ ಅರ್ಧಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ ಬಡಿದರೆ ಸಾಕು. ಉಗುರು ಹಿಡಿಯದಿದ್ದರೆ ಅದಕ್ಕೆ ಮಜಾ ಇಲ್ಲ.

ಬಾಗಿಲಿಗೂ ಒಂದು ಮಿತಿ ಇದೆ. ಒಮ್ಮೆ ಯಾರೋ ಲಿಲ್ಲಿ ಹೂವಿನ ಗೊಂಚಲು ತಂದುಕೊಟ್ಟರು. ಬೆಕ್ಕು ಬರದ ರೂಮಿನಲ್ಲಿ ಇಟ್ಟರಾಯಿತು ಅಂತ ಮನೆಯವರು ಅಂದರು. ನಾನು ಒಪ್ಪಲಿಲ್ಲ, ಕೊಟ್ಟವರಿಗೆ ಕ್ಷಮೆ ಕೇಳಿ ಹಾಗೇ ವಾಪಸ್ ಕಳಿಸಿದೆ. ಲಿಲ್ಲಿಯ ಎಲೆ, ಹೂವು, ಹೂದಾನಿಯ ನೀರು ಯಾವುದೂ ಬೆಕ್ಕಿಗೆ ಆಗದು. ಪರಾಗ ಮೈಗೆ ಅಂಟಿ, ಅದನ್ನು ನೆಕ್ಕಿದರೂ ಮೂತ್ರಪಿಂಡ ಕೆಟ್ಟುಹೋಗಬಹುದು. ಪರಾಗವನ್ನು ತಡೆಯುವ ಬಾಗಿಲು ನಮ್ಮ ಮನೆಯಲ್ಲಿ ಇಲ್ಲ. ನಮ್ಮ ತೋಳಿಗೆ ಅಂಟಿ ಅದೂ ಹೊರಗೆ ಬರುತ್ತದೆ.

ಮೂರನೆಯ ಬಾಗಿಲು ನನ್ನ ಕೆಲಸದ ರೂಮಿನದು. ಬೂದ ಬಂದು ಕೀಬೋರ್ಡಿನ ಮೇಲೆ ಮಲಗುತ್ತಾನೆ ಅನ್ನುವುದು ನನ್ನ ದೂರು. ಬಾಗಿಲು ಹಾಕಿದೆ. ಅದರ ಹಿಡಿಕೆ ಅಡ್ಡ ಹಿಡಿಕೆ, ಕೆಳಗೆ ಒತ್ತಿದರೆ ತೆರೆಯುವಂಥದ್ದು. ಎರಡು ವಾರದಲ್ಲಿ ಬೂದ ಹಾರಿ ಅದಕ್ಕೆ ಜೋತು ಬೀಳುವುದನ್ನು ಕಲಿತ. ಬಾಗಿಲು ತೆರೆದು, ಜೋತಾಡುತ್ತಲೇ ಒಳಗೆ ಬಂದ ಅವನ ಮುಖ ಇನ್ನೂ ಕಣ್ಣ ಮುಂದಿದೆ. ಗುಂಡು ಹಿಡಿಕೆ ಹಾಕಿಸಬಹುದಿತ್ತು. ಅಡ್ಡ ಹಿಡಿಕೆಯನ್ನೇ ನಿಲ್ಲಿಸಿ ಜೋಡಿಸಬಹುದಿತ್ತು, ಆಗ ತೂಕ ಬಿಟ್ಟರೂ ತಿರುಗುವುದಿಲ್ಲ. ಆದರೆ ಯಾಕೆ ಮುಚ್ಚುತ್ತಿದ್ದೇನೆ ಅಂತ ನನ್ನನ್ನೇ ಕೇಳಿಕೊಂಡಾಗ ಸಿಕ್ಕಿದ ಉತ್ತರ ಬರೀ ಕಿರಿಕಿರಿ. ಅವನಿಗೆ ಬೇಕಾಗಿದ್ದು ಕೀಬೋರ್ಡಲ್ಲ, ಅದರ ಬಿಸಿ. ಬೆಕ್ಕಿನ ಮೈಗೆ ಹಿತ ಅನ್ನಿಸುವುದು ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್. ನಮಗೆ ಸೆಕೆ ಅನ್ನಿಸುವ ಜಾಗ ಅದಕ್ಕೆ ಆಗಷ್ಟೇ ಬೆಚ್ಚಗಾಗಿರುತ್ತದೆ. ಮೇಜಿನ ಮೂಲೆಯಲ್ಲಿ, ದೀಪದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟೆ. ಅಲ್ಲಿಗೆ ಮುಗಿಯಿತು. ಆ ಬಾಗಿಲಿಗೆ ಈಗ ಒಂದು ಭಾರದ ತಡೆ ಇಟ್ಟಿದ್ದೇವೆ, ಗಾಳಿಗೆ ಬಡಿದುಕೊಂಡು ಯಾರ ಬಾಲವೂ ಸಿಕ್ಕಿಕೊಳ್ಳದಿರಲಿ ಅಂತ.

ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದ ಹಳೆಯ ಚರ್ಚಿನಲ್ಲಿ ಒಂದು ದೊಡ್ಡ ಗಡಿಯಾರ ಇದೆ. ಅದರ ಕೆಳಗಿನ ಬಾಗಿಲಲ್ಲಿ ಒಂದು ಗುಂಡನೆಯ ತೂತು. 1598ರಲ್ಲಿ ಬಡಗಿಯಿಂದ ಕೊರೆಸಿದ್ದು, ಇಲಿ ಹಿಡಿಯಲು ಬೆಕ್ಕು ಒಳಗೆ ಹೋಗಲಿ ಅಂತ. ನಾವು ಹೊರಗಿಡಲು ಇಷ್ಟು ಪಾಡು ಪಡುತ್ತಿದ್ದೇವೆ, ಅವರು ಒಳಗೆ ಕರೆಯಲು ಬಾಗಿಲನ್ನೇ ಕೊರೆದರು. ಇದನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳು ಸುಮ್ಮನೆ ಕೇಳಿಸಿಕೊಂಡಳು.

ಹೋದ ತಿಂಗಳು ಅಮ್ಮ ಒಳಗೆ ಕೂತು ಹೊಲಿಯುತ್ತಿದ್ದಳು. ಬಾಬಿನ್ ಒಂದು ಕೈಜಾರಿ ನೆಲಕ್ಕೆ ಉರುಳಿತು. ಎತ್ತಿಕೊಂಡರಾಯಿತು ಅಂತ ಬಿಟ್ಟಿದ್ದಾಳೆ. ಸ್ವಲ್ಪ ಹೊತ್ತಿಗೆ ನೋಡಿದರೆ ನೆಲದ ಮೇಲಿನ ದಾರ ತಾನಾಗಿಯೇ ಹರಿದು ಹೋಗುತ್ತಿದೆ, ಬಾಗಿಲ ಕಡೆಗೆ. ಬಾಗಿಲ ಸಂದಿಯಲ್ಲಿ ಒಂದು ಕಪ್ಪು ಕೈ. ಒಳಗೆ ಬರುತ್ತೆ, ಉಗುರಿಗೆ ದಾರ ಸಿಕ್ಕಿಸಿಕೊಂಡು ಹಿಂದಕ್ಕೆ ಹೋಗುತ್ತೆ, ಮತ್ತೆ ಬರುತ್ತೆ. ಅಮ್ಮ ಕೂಗಿದ ಕೂಗಿಗೆ ನಾವೆಲ್ಲ ಓಡಿ ಬಂದೆವು. ಕಾಡಿಗೆಯ ಮುಂದೆ ಒಂದು ಮೊಳ ದಾರ ಗುಡ್ಡೆಯಾಗಿತ್ತು. ಬಾಯಿಗೆ ಇನ್ನೂ ಹೋಗಿರಲಿಲ್ಲ.

ಮರುದಿನವೇ ಬಾಗಿಲ ಕೆಳಗೆ ಮರದ ಪಟ್ಟಿ ಹೊಡೆಸಿ ಸಂದಿ ಮುಚ್ಚಿಸಿದೆವು. ಕೈ ಬರುವುದು ನಿಂತಿತು. ಒಂದು ವಾರ ಕಳೆದ ಮೇಲೆ ಅಮ್ಮ ರಾಗ ತೆಗೆದಳು. ರೂಮಿನಲ್ಲಿ ಗಾಳಿ ಇಲ್ಲ ಅಂದಳು. ಕಿಟಕಿ ಇದೆಯಲ್ಲಮ್ಮಾ ಅಂದೆ. ಬೆಳಕು ಸಾಲದು ಅಂದಳು. ದೀಪ ಹಾಕಿಕೊಟ್ಟೆ. ಆಮೇಲೆ ಮೆತ್ತಗೆ ಹೇಳಿದಳು, “ಮೊದಲು ಆ ಕೈಯಾದರೂ ಕಾಣ್ತಿತ್ತು ಕಣೇ.”

ನಿನ್ನೆ ಬಡಗಿ ಬಂದು ಅಳತೆ ತೆಗೆದುಕೊಂಡು ಹೋದರು. ಬಾಗಿಲಿಗೆ ಒಂದು ಚೌಕ ಗಾಜು ಕೂರಿಸಬೇಕು.

“ಇಷ್ಟು ಕೆಳಗೆ ಯಾಕಮ್ಮಾ? ಗಾಜು ಅಂದ್ರೆ ಕಣ್ಣಿನ ಮಟ್ಟಕ್ಕೆ ಇರಬೇಕಲ್ವಾ?” ಅಂದರು.

ಅಮ್ಮ ಬಗ್ಗಿ, ನೆಲದಿಂದ ಒಂದೂವರೆ ಗೇಣು ಅಳೆದು ತೋರಿಸಿದಳು. “ಕೂತ್ರೆ ಅವಳ ಕಣ್ಣು ಇಲ್ಲಿಗೇ ಬರೋದು” ಅಂದಳು.